ಗೇಟ್ ಪಾಸ್ ಸಿಕ್ಕಿತು, ಮುಂದೇನು?

"ನಿಂದು ಎಲ್ಲಿ ಆತಲೇ?"

ಡಿಪ್ಲೊಮಾ ಕೊನೆಯ ವರ್ಷದ ಹುಡುಗರು ಕುಷ್ಟಗಿ ಬಸ್ ನಿಲ್ದಾಣದಲ್ಲಿ ಒಬ್ಬರಿಗೊಬ್ಬರು ಹೀಗೆ ಕೇಳಿಕೊಳ್ಳುವುದು ಇಂಟರ್ನ್‌ಶಿಪ್ ಬಗ್ಗೆ. ಒಬ್ಬನಿಗೆ ಗಿಣಿಗೇರಿಯ ಉಕ್ಕಿನ ಕಾರ್ಖಾನೆ, ಇನ್ನೊಬ್ಬನಿಗೆ ಹುಬ್ಬಳ್ಳಿ ಗೋಕುಲ ರಸ್ತೆಯ ವರ್ಕ್‌ಶಾಪ್, ಮತ್ತೊಬ್ಬಳಿಗೆ ಜೆಸ್ಕಾಂ ಕಚೇರಿ. "ನಮ್ಮ ಕಾಕಾ ಬೆಂಗಳೂರಾಗ ಸರ್ಟಿಫಿಕೇಟ್ ಮಾಡಿಸಿಕೊಡ್ತೀನಿ ಅಂದಾನ" ಎನ್ನುವವನೂ ಒಬ್ಬ ಇದ್ದೇ ಇರುತ್ತಾನೆ. ಈ ಬರಹ ಮುಖ್ಯವಾಗಿ ಅವನಿಗೆ, ಅವನ ಮನೆಯವರಿಗೆ.

2020-21ರಲ್ಲಿ ಜಾರಿಗೆ ಬಂದ ಸಿ-20 ಪಠ್ಯಕ್ರಮ ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಕೊನೆಯ ವರ್ಷದಲ್ಲಿ ಇಂಟರ್ನ್‌ಶಿಪ್ಪನ್ನು ಓದಿನ ಭಾಗವಾಗಿಸಿತು. ಎಂಜಿನಿಯರಿಂಗ್‌ನಲ್ಲೂ ಈಗ ಅದಕ್ಕೆ ಅಂಕವಿದೆ, ಕ್ರೆಡಿಟ್ ಇದೆ. ಐಟಿಐ ಮುಗಿಸಿದವರಿಗೆ ಅಪ್ರೆಂಟಿಸ್ ತರಬೇತಿಯ ದಾರಿ ಮೊದಲಿನಿಂದಲೂ ಇದೆ. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡುತ್ತಾರೆ. ಕುಷ್ಟಗಿಯ ಸರ್ಕಾರಿ ಪಾಲಿಟೆಕ್ನಿಕ್, ತಳಕಲ್ಲಿನ ಮತ್ತು ಗಂಗಾವತಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳು, ತಾಲ್ಲೂಕುಗಳಲ್ಲಿ ಹರಡಿರುವ ಐಟಿಐಗಳು ಸೇರಿದರೆ ಕೊಪ್ಪಳ ಜಿಲ್ಲೆಯಿಂದ ಪ್ರತಿವರ್ಷ ದೊಡ್ಡದೊಂದು ಪಡೆ ಕೆಲಸದ ಜಾಗಕ್ಕೆ ಕಾಲಿಡುತ್ತದೆ. ಅವರಲ್ಲಿ ಬಹಳಷ್ಟು ಜನರ ಮನೆಯಲ್ಲಿ ಈ ಮೊದಲು ಯಾರೂ ಕಾರ್ಖಾನೆಯ ಗೇಟು ದಾಟಿ ಒಳಗೆ ಹೋಗಿರುವುದಿಲ್ಲ.

ನನಗೆ ಈ ವಿಷಯ ದೊಡ್ಡದಾಗಿ ಕಾಣುವುದು ಇದರಿಂದಲೇ. ಬೆಂಗಳೂರಿನ ಪೀಣ್ಯದ ಟರ್ನರ್ ಒಬ್ಬನ ಮಗ ಲೇಥ್ ಶಬ್ದ ಕೇಳುತ್ತಲೇ ಬೆಳೆದಿರುತ್ತಾನೆ. ಶಿಫ್ಟ್ ಎಂದರೇನು, ಸೂಪರ್‌ವೈಸರ್ ಜೊತೆ ಹೇಗೆ ಮಾತಾಡಬೇಕು, ಕೈ ಕೊಯ್ದುಕೊಂಡರೆ ಮೊದಲು ಯಾರಿಗೆ ಹೇಳಬೇಕು ಎಂಬುದೆಲ್ಲ ಊಟದ ಹೊತ್ತಿನಲ್ಲಿ ಅಪ್ಪನ ಬಾಯಿಂದ ಬಂದಿರುತ್ತದೆ. ದೋಟಿಹಾಳದ, ಹನುಮಸಾಗರದ, ತಾವರಗೇರಿಯ ಹುಡುಗನ ಅಪ್ಪನಿಗೆ ಎರೆಹೊಲದ ಹದ ಗೊತ್ತು, ಬಿಳಿಜೋಳದ ತೆನೆ ನೋಡಿ ಇಳುವರಿ ಹೇಳಲು ಗೊತ್ತು. ಮಳೆ ಕೈಕೊಟ್ಟ ವರ್ಷ ಮಂಗಳೂರಿಗೋ ಗೋವಾಕ್ಕೋ ಗುಳೆ ಹೋದರೆ ಅಲ್ಲಿ ಕಟ್ಟಡದ ಕೆಲಸವೂ ಗೊತ್ತು. ಕಾರ್ಖಾನೆಯ ಒಳಗಿನ ರೀತಿ-ರಿವಾಜು ಮಾತ್ರ ಆ ಮನೆಗೆ ಹೊಸದು. ಆ ತಿಳಿವಳಿಕೆ ಮನೆಯಿಂದ ಬರದಿದ್ದರೆ ಇಂಟರ್ನ್‌ಶಿಪ್ಪಿನ ಕೆಲವು ವಾರಗಳಲ್ಲೇ ಬರಬೇಕು. ಅದು ತಾನಾಗಿ ಬರುವಂಥದ್ದಲ್ಲ, ಕೇಳಿಯೇ ಪಡೆಯಬೇಕು.

ಇದಕ್ಕೆ ಇತಿಹಾಸದ ಕಾರಣವೂ ಇದೆ. ಮೈಸೂರು ಸಂಸ್ಥಾನದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಡೆಯುತ್ತಿದ್ದಾಗ, 1943ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಕುಶಲ ಕಸುಬು ಕಲಿಸುವ ಜಯಚಾಮರಾಜೇಂದ್ರ ಸಂಸ್ಥೆ ಹುಟ್ಟಿದಾಗ, ನಮ್ಮ ಕುಷ್ಟಗಿ ನಿಜಾಮನ ಹೈದರಾಬಾದಿನ ರಾಯಚೂರು ಜಿಲ್ಲೆಯಲ್ಲಿತ್ತು. ವಿಮೋಚನೆಯಾದದ್ದು 1948ರ ಸೆಪ್ಟೆಂಬರ್ 17ರಂದು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. 371(ಜೆ) ಕಲಮಿನ ವಿಶೇಷ ಸ್ಥಾನ ಜಾರಿಗೆ ಬಂದದ್ದು 2013ರಲ್ಲಿ. ರೈಲಂತೂ ಕುಷ್ಟಗಿಗೆ ಮೊನ್ನೆ ಮೊನ್ನೆ, 2025ರ ಮೇ ತಿಂಗಳಲ್ಲಿ ಬಂತು. ಗದಗ-ವಾಡಿ ಮಾರ್ಗದ ತಳಕಲ್-ಕುಷ್ಟಗಿ ಭಾಗ ಮುಗಿದು ಹುಬ್ಬಳ್ಳಿಯ ಗಾಡಿ ಓಡಲು ಶುರುವಾದ ಮೇಲೆ ಹುಬ್ಬಳ್ಳಿಯ ಕೈಗಾರಿಕಾ ವಸಾಹತು ನಮ್ಮ ಮಕ್ಕಳಿಗೆ ಹತ್ತಿರವಾಗಿದೆ. ತಡವಾಗಿ ಬಂದ ಅವಕಾಶ ಇದು. ಸಹಿ ಹಾಕಿಸಿಕೊಂಡು ಬರುವುದರಲ್ಲೇ ಇದನ್ನು ಕಳೆದರೆ ನಷ್ಟ ನಮ್ಮದೇ.

ಓದು ಮತ್ತು ಕೆಲಸವನ್ನು ಒಟ್ಟಿಗೆ ಹೆಣೆಯುವ ವಿಚಾರಕ್ಕೆ ನೂರಕ್ಕೂ ಹೆಚ್ಚು ವರ್ಷವಾಗಿದೆ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಎಂಜಿನಿಯರಿಂಗ್ ಅಧ್ಯಾಪಕರು 1906ರಲ್ಲಿ 27 ವಿದ್ಯಾರ್ಥಿಗಳೊಂದಿಗೆ ಇದನ್ನು ಆರಂಭಿಸಿದರು. ಕೆಲವು ದಿನ ತರಗತಿ, ಕೆಲವು ದಿನ ಕಾರ್ಖಾನೆ, ಮತ್ತೆ ತರಗತಿ. ಕೆಲಸದಲ್ಲಿ ಎದ್ದ ಪ್ರಶ್ನೆಯನ್ನು ಹುಡುಗ ತರಗತಿಗೆ ತರಬೇಕು, ತರಗತಿಯಲ್ಲಿ ಕಲಿತದ್ದನ್ನು ಮರುವಾರ ಯಂತ್ರದ ಮುಂದೆ ಪರೀಕ್ಷಿಸಬೇಕು. 1957ರಲ್ಲಿ ಶುರುವಾದ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ ಇದೇ ಪದ್ಧತಿಯಿಂದ ಹೆಸರು ಮಾಡಿತು. ನಮ್ಮಲ್ಲಿ ಇದಕ್ಕೆ ತೀರ ಹತ್ತಿರವಿರುವುದು ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇದಕ್ಕೆ ನಮ್ಮ ಹತ್ತಿರದ ಕೂಡಲಸಂಗಮ, ಲಿಂಗಸುಗೂರು, ಹೊಸಪೇಟೆಗಳಲ್ಲೂ ಕೇಂದ್ರಗಳಿವೆ. ಇಲ್ಲಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಕಲಿಕೆಯ ಮೇಲೆ ಇಡೀ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಹತ್ತನೇ ತರಗತಿ ಮುಗಿಸಿದ ಮಗ ಅಥವಾ ಮಗಳು ಮನೆಯಲ್ಲಿದ್ದರೆ ಈ ಕೋರ್ಸನ್ನು ಒಮ್ಮೆ ವಿಚಾರಿಸಿ ನೋಡಿ.

ಕೈಗೆ ಬಂದ ವಿದ್ಯೆಯ ಬೆಲೆ ಏನೆಂದು ನಮ್ಮ ಜಿಲ್ಲೆ 2024ರ ಆಗಸ್ಟಿನಲ್ಲಿ ಕಣ್ಣಾರೆ ಕಂಡಿತು. 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿದ್ದ ಹೊತ್ತು. ಗಂಗಾವತಿ, ಕಾರಟಗಿಯ ಭತ್ತದ ರೈತರ ಎದೆ ಒಡೆದಿತ್ತು. ಆಗ ಗೇಟು ತಜ್ಞ ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸುವ ನಿರ್ಧಾರವಾಯಿತು. ಹೊಸಪೇಟೆ, ತೋರಣಗಲ್ ಭಾಗದ ಕಾರ್ಯಾಗಾರಗಳಲ್ಲಿ ಹಗಲು-ರಾತ್ರಿ ವೆಲ್ಡಿಂಗ್ ನಡೆದು, ಒಂದು ವಾರದೊಳಗೆ ಐದು ತುಂಡುಗಳು ಒಂದರ ಮೇಲೊಂದು ಕೂತು ನೀರು ನಿಂತಿತು. ನಾಯ್ಡು ಅವರ ಹೆಸರು ಪತ್ರಿಕೆಗಳಲ್ಲಿ ಬಂತು. ಆ ಉಕ್ಕಿನ ಹಲಗೆಗಳನ್ನು ಅಳತೆ ತಪ್ಪದೆ ಕತ್ತರಿಸಿದ, ಬೆಸೆದ, ಕ್ರೇನಿನಿಂದ ಇಳಿಸಿದ ಫಿಟ್ಟರು, ವೆಲ್ಡರು, ರಿಗ್ಗರುಗಳ ಹೆಸರು ನಮಗೆ ಗೊತ್ತಿಲ್ಲ. ಅವರಲ್ಲಿ ಪ್ರತಿಯೊಬ್ಬರೂ ಒಂದು ಕಾಲಕ್ಕೆ ಯಾರದೋ ಕೈಕೆಳಗೆ ನಿಂತು ಕಲಿತ ಹುಡುಗರೇ.

ಎಲ್ಲಿಗೆ ಹೋಗಬೇಕು

"ದೊಡ್ಡ ಕಂಪನಿ" ಎಂಬ ಆಸೆ ತಪ್ಪಲ್ಲ. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್‌ನಲ್ಲಿ ಬೀಡುಕಬ್ಬಿಣ ಕರಗಿಸುವ ಊದುಕುಲುಮೆಯೂ ಎಂಜಿನ್ ಬ್ಲಾಕ್‌ಗಳನ್ನು ಎರಕ ಹೊಯ್ಯುವ ಫೌಂಡ್ರಿಯೂ ಒಂದೇ ಆವರಣದಲ್ಲಿವೆ. ಗಿಣಿಗೇರಿಯಲ್ಲಿ ಕಲ್ಯಾಣಿ ಮತ್ತು ಮುಕುಂದ್ ಕಂಪನಿಗಳ ಜಂಟಿ ಉಕ್ಕಿನ ಘಟಕವಿದೆ. ಸಂಡೂರಿನ ಅದಿರು, ತುಂಗಭದ್ರೆಯ ನೀರು, ಹುಬ್ಬಳ್ಳಿ-ಗುಂತಕಲ್ ರೈಲು ಮಾರ್ಗ, ಈ ಮೂರೂ ಒಂದೆಡೆ ಸಿಗುವುದರಿಂದಲೇ ಕಾರ್ಖಾನೆಗಳು ಇಲ್ಲಿ ಬಂದು ನಿಂತವು. ಭಾನಾಪುರದಲ್ಲಿ 2021ರ ಜನವರಿಯಲ್ಲಿ ಏಕಸ್ ಕಂಪನಿಯ ಆಟಿಕೆ ಕ್ಲಸ್ಟರಿಗೆ ಅಡಿಗಲ್ಲು ಬಿತ್ತು. ಪ್ಲಾಸ್ಟಿಕ್ ಮೋಲ್ಡಿಂಗ್ ಕಲಿಯಬೇಕೆನ್ನುವವರಿಗೆ ಅದು ಮನೆ ಬಾಗಿಲು.

ದೊಡ್ಡ ಕಾರ್ಖಾನೆಯಲ್ಲಿ ಕಲಿಯುವುದು ಶಿಸ್ತು. ಹೆಲ್ಮೆಟ್, ಸುರಕ್ಷತಾ ಬೂಟು ಇಲ್ಲದೆ ಒಳಗೆ ಬಿಡುವುದಿಲ್ಲ. ಯಂತ್ರ ಮುಟ್ಟುವ ಮೊದಲು ಪರ್ಮಿಟ್ ಬೇಕು. ಪ್ರತಿ ಶಿಫ್ಟಿನ ಲೆಕ್ಕ ಬರೆದಿಡುತ್ತಾರೆ. ಆದರೆ ಅಲ್ಲಿ ಹೊಸಬನ ಕೈಗೆ ಪಾನಾ ಸಿಗುವುದು ಅಪರೂಪ. ನಾಲ್ಕು ವಾರ ದೂರ ನಿಂತು ನೋಡಿದ್ದೇ ಬರಬಹುದು. ಸಣ್ಣ ಜಾಗದಲ್ಲಿ ಇದರ ತದ್ವಿರುದ್ಧ. ಕುಷ್ಟಗಿಯ ಬಸ್ ಡಿಪೋ, ಹೊಸಪೇಟೆ ರಸ್ತೆಯ ಟ್ರ್ಯಾಕ್ಟರ್ ಗ್ಯಾರೇಜು, ಇಳಕಲ್ ಕಡೆಯ ಗ್ರಾನೈಟ್ ಪಾಲಿಶ್ ಫ್ಯಾಕ್ಟರಿ, ಕಾರಟಗಿಯ ರೈಸ್ ಮಿಲ್ಲು, ಇಂಥಲ್ಲಿ ಮೊದಲ ದಿನವೇ "ಹಿಡಿಯೋ ಇದನ್ನ" ಎಂದು ಕೈಗೆ ಕೊಟ್ಟುಬಿಡುತ್ತಾರೆ. ಕೆಲಸ ಬೇಗ ಬರುತ್ತದೆ, ಸುರಕ್ಷತೆಯ ಪಾಠ ಮಾತ್ರ ಯಾರೂ ಹೇಳುವುದಿಲ್ಲ.

ಆರಿಸಿಕೊಳ್ಳುವ ಅವಕಾಶವಿದ್ದರೆ ನಾನು ಸಣ್ಣ ಜಾಗಕ್ಕೇ ಓಟು ಹಾಕುವೆ, ಒಂದು ಶರತ್ತಿನ ಮೇಲೆ. ಅಲ್ಲಿ ಕೆಲಸ ಬಲ್ಲ ಹಿರಿಯ ಮಿಸ್ತ್ರಿ ಒಬ್ಬರಾದರೂ ಇರಬೇಕು, ಕಲಿಸುವ ಮನಸ್ಸೂ ಅವರಿಗಿರಬೇಕು. ರೈಸ್ ಮಿಲ್ಲಿನ ಉದಾಹರಣೆಯನ್ನೇ ನೋಡಿ. ಹೊಟ್ಟು ಉರಿಸುವ ಬಾಯ್ಲರ್, ಸಿಪ್ಪೆ ಬಿಡಿಸುವ ರಬ್ಬರ್ ರೋಲ್, ಬಣ್ಣ ನೋಡಿ ಕೆಟ್ಟ ಕಾಳನ್ನು ಗಾಳಿಯಿಂದ ಊದಿ ಹೊರಹಾಕುವ ಸಾರ್ಟೆಕ್ಸ್ ಯಂತ್ರ, ಇವೆಲ್ಲ ಒಂದೇ ಸೂರಿನಡಿ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಮೂರೂ ವಿಭಾಗದವರಿಗೆ ಅಲ್ಲಿ ಓದಲು ಬೇಕಾದಷ್ಟಿದೆ. ನುಚ್ಚು ಯಾಕೆ ಜಾಸ್ತಿಯಾಯಿತು ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿದರೆ ಭತ್ತದ ತೇವಾಂಶ, ರೋಲುಗಳ ನಡುವಿನ ಅಂತರ, ಪಾಲಿಶಿನ ಒತ್ತಡ ಎಲ್ಲವನ್ನೂ ಕಲಿಯಬೇಕಾಗುತ್ತದೆ. ಆ ಒಂದು ಪ್ರಶ್ನೆ ಒಳ್ಳೆಯ ಪ್ರಾಜೆಕ್ಟ್ ವರದಿಯೂ ಆಗುತ್ತದೆ.

ಕೃಷಿ, ತೋಟಗಾರಿಕೆ ಓದುವವರಿಗಂತೂ ಕುಷ್ಟಗಿಯೇ ದೊಡ್ಡ ಶಾಲೆ. ಇಲ್ಲಿಯ ಸೀಡ್ಸ್ ಪ್ಲಾಟುಗಳಲ್ಲಿ ಟೊಮೆಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ತಯಾರಾಗುತ್ತದೆ. ಹೆಣ್ಣು ತಳಿಯ ಮೊಗ್ಗು ಅರಳುವ ಮುನ್ನವೇ ಚಿಮುಟದಿಂದ ಕೇಸರ ತೆಗೆದು, ಮರುದಿನ ಗಂಡು ತಳಿಯ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸವನ್ನು ಬಹುಪಾಲು ನಮ್ಮ ಹೆಣ್ಣುಮಕ್ಕಳೇ ಮಾಡುತ್ತಾರೆ. ಒಂದು ಮೊಗ್ಗು ತಪ್ಪಿ ತಾನೇ ಫಲ ಕಟ್ಟಿದರೆ ಬೀಜದ ಶುದ್ಧತೆ ಕೆಡುತ್ತದೆ. ಆಮೇಲೆ ಕಂಪನಿ ಆ ಬೀಜವನ್ನು ಬಿತ್ತಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ ಇಡೀ ಲಾಟ್ ಫೇಲಾಗಬಹುದು. ವಂಶವಾಹಿ ಶಾಸ್ತ್ರದ ಪಾಠ ಓದಿ ಬಂದ ವಿದ್ಯಾರ್ಥಿ, ಶಾಲೆಗೆ ಹೋಗದ ಅಕ್ಕನೊಬ್ಬಳ ಪಕ್ಕ ಕೂತು ದಿನಕ್ಕೆ ಎಷ್ಟು ಮೊಗ್ಗು, ಯಾವ ಹೊತ್ತಿಗೆ, ಯಾಕೆ ಎಂದು ಕೇಳಿ ಕಲಿತರೆ ಪಾಠ ಪೂರ್ಣವಾಗುತ್ತದೆ. ಕೃಷಿ ವಿದ್ಯಾರ್ಥಿಗಳು ಊರ ಕಟ್ಟೆಯ ಮುಂದೆ ರಂಗೋಲಿ ಪುಡಿಯಲ್ಲಿ ಗ್ರಾಮದ ನಕ್ಷೆ ಬಿಡಿಸಿದ ಫೋಟೊ ಪತ್ರಿಕೆಗಳಲ್ಲಿ ನೋಡುತ್ತೇವೆ. ನಕ್ಷೆ ಒಳ್ಳೆಯದೇ. ಅದರಲ್ಲಿ ಬಿಡಿಸಿದ ಬೋರ್‌ವೆಲ್ ಬತ್ತಿದ್ದು ಯಾವ ವರ್ಷ, ಆ ರೈತ ಆಮೇಲೆ ಏನು ಮಾಡಿದ ಎಂದು ಕೇಳಿದ ವಿದ್ಯಾರ್ಥಿ ಮುಂದೆ ಒಳ್ಳೆಯ ಕೃಷಿ ಅಧಿಕಾರಿಯಾಗುತ್ತಾನೆ.

ಸರ್ಟಿಫಿಕೇಟ್ ಮಾರುವವರ ಮಾತಿಗೆ ಬರೋಣ. ದುಡ್ಡು ಕಟ್ಟಿದರೆ ಮೊಬೈಲಿನಲ್ಲೇ ಕೆಲವು ವಿಡಿಯೊ ತೋರಿಸಿ ಬಣ್ಣದ ಪ್ರಮಾಣಪತ್ರ ಕಳಿಸುವ ಅಂಗಡಿಗಳು ಎಲ್ಲ ಊರಿನಲ್ಲೂ ಹುಟ್ಟಿಕೊಂಡಿವೆ. ಇದು ಶುದ್ಧ ಮೋಸ. ಅಂಕ ಸಿಗಬಹುದು. ಆದರೆ ಸಂದರ್ಶನದಲ್ಲಿ ಎದುರು ಕೂತವರು ಕೇಳುವುದು "ಅಲ್ಲಿ ನೀನು ಏನು ಮಾಡಿದೆ?" ಎಂದು. ಆ ಪ್ರಶ್ನೆಗೆ ಕಾಗದ ಉತ್ತರ ಕೊಡುವುದಿಲ್ಲ. ಮಗನನ್ನು ಓದಿಸಲು ಕುರಿ ಮಾರಿದ ಅಪ್ಪ ಈ ಅಂಗಡಿಗೂ ದುಡ್ಡು ಕಟ್ಟುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೇಳುವ ಹೊತ್ತು

ತರಬೇತಿ ಮುಗಿಸಿ ಬಂದವರನ್ನು "ಏನ್ ಕಲತಿ?" ಎಂದು ಕೇಳಿದರೆ ಬಹಳ ಸಲ ಬರುವ ಉತ್ತರ: "ಏನಿಲ್ರೀ ಸರ, ಬರೇ ನಿಂತು ನೋಡೀನಿ." ಇದರಲ್ಲಿ ಕಾರ್ಖಾನೆಯ ತಪ್ಪಿದೆ, ಕಾಲೇಜಿನ ತಪ್ಪಿದೆ, ಹುಡುಗನ ಸಂಕೋಚವೂ ಇದೆ. ಎದುರು ಮಾತಾಡಬಾರದು, ದೊಡ್ಡವರನ್ನು ಪ್ರಶ್ನಿಸಬಾರದು ಎಂದು ಕಲಿತು ಬೆಳೆದ ಮಕ್ಕಳು ನಮ್ಮವರು. ಅದು ಮನೆಯಲ್ಲಿ ಮರ್ಯಾದೆ, ಯಂತ್ರದ ಮುಂದೆ ಅಪಾಯ.

ಇಂಟರ್ನ್‌ಶಿಪ್ಪಿನಲ್ಲಿ "ನನಗೆ ಗೊತ್ತಿಲ್ಲ, ಹೇಳಿ" ಎನ್ನಲು ಯಾವ ನಾಚಿಕೆಯೂ ಬೇಕಿಲ್ಲ. ನೌಕರಿ ಸಿಕ್ಕ ಮೇಲೆ ಅದೇ ಮಾತು ಕಷ್ಟವಾಗುತ್ತದೆ. ಎರಡು ವರ್ಷ ಕೆಲಸ ಮಾಡಿದವ ವರ್ನಿಯರ್ ಕ್ಯಾಲಿಪರ್ ಓದಲು ಬರುವುದಿಲ್ಲ ಎಂದರೆ ಜನ ಬೇರೆ ರೀತಿ ನೋಡುತ್ತಾರೆ. ವಿದ್ಯಾರ್ಥಿ ಹೇಳಿದರೆ ಪಕ್ಕಕ್ಕೆ ಕರೆದು ತೋರಿಸುತ್ತಾರೆ. ಆದ್ದರಿಂದ ಮೊದಲ ವಾರದಲ್ಲೇ ಕೇಳಲು ಶುರುಮಾಡಬೇಕು. ಯಾರನ್ನು ಕೇಳಬೇಕು? ಎಂಜಿನಿಯರ್ ಸಾಹೇಬರಿಗೆ ಪುರುಸೊತ್ತಿರುವುದಿಲ್ಲ. ಇಪ್ಪತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತ ಆಪರೇಟರ್ ಅಣ್ಣನಿಗೆ ಇರುತ್ತದೆ, ಊಟದ ಹೊತ್ತಿನಲ್ಲಿ, ಚಹಾದ ಹೊತ್ತಿನಲ್ಲಿ. "ಅಣ್ಣಾರ, ಇದು ಕೆಟ್ಟರ ಮೊದಲ ಎಲ್ಲಿ ನೋಡ್ತೀರಿ?" ಎಂದು ಕೇಳಿ ನೋಡಿ. ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಅದನ್ನು ಕೇಳಿರುವುದಿಲ್ಲ. ಬಿಹಾರ, ಒಡಿಶಾದಿಂದ ಬಂದ ಕೆಲಸಗಾರರಿರುವ ಕಡೆ ನಾಲ್ಕು ಮಾತು ಹಿಂದಿ ಬೇಕಾಗುತ್ತದೆ. ತಪ್ಪು ಹಿಂದಿಯಾದರೂ ಪರವಾಗಿಲ್ಲ.

"ಇದೇನು" ಎಂದಷ್ಟೇ ಕೇಳಿದರೆ ಹೆಸರು ಸಿಗುತ್ತದೆ. "ಯಾಕೆ ಹಿಂಗ" ಎಂದು ಕೇಳಿದರೆ ಕೆಲಸ ಸಿಗುತ್ತದೆ. ಫೌಂಡ್ರಿಯಲ್ಲಿ ಬದಿಗಿಟ್ಟ ಎರಕದ ತುಂಡು ಯಾಕೆ ರಿಜೆಕ್ಟ್ ಆಯಿತು ಎಂದು ಕೇಳಿದರೆ ಅದರಲ್ಲಿ ಗಾಳಿಗುಳ್ಳೆ ತೋರಿಸುತ್ತಾರೆ. ಗುಳ್ಳೆ ಯಾಕೆ ಬಂತು ಎಂದರೆ ಮರಳಿನಲ್ಲಿ ತೇವ ಜಾಸ್ತಿಯಿರಬಹುದು, ಅನಿಲ ಹೊರಹೋಗಲು ದಾರಿ ಸಾಲದಿರಬಹುದು ಎನ್ನುತ್ತಾರೆ. ಅಲ್ಲಿಂದ ಮರಳು ಪರೀಕ್ಷಿಸುವ ಕೋಣೆಗೆ ಹೋಗುವ ದಾರಿ ತೆರೆಯಿತು. ಡಿಪೋದಲ್ಲಿ ಒಂದು ಬಸ್ಸಿನ ಕೆಎಂಪಿಎಲ್, ಅಂದರೆ ಒಂದು ಲೀಟರ್ ಡೀಸೆಲ್‌ಗೆ ಓಡುವ ಕಿಲೋಮೀಟರ್, ಇಳಿದದ್ದು ಯಾಕೆಂದು ಕೇಳಿದರೆ ಟೈರಿನ ಗಾಳಿ, ಬಿಗಿಯಾದ ಬ್ರೇಕು, ಏರ್ ಫಿಲ್ಟರ್, ಇಂಜೆಕ್ಟರ್ ಎಲ್ಲದರ ಮಾತು ಹೊರಬರುತ್ತದೆ.

ಬರೆಯುವುದು ಇದರ ಇನ್ನರ್ಧ. ಕಾಲೇಜು ಕೊಡುವ ದಿನಚರಿ ಪುಸ್ತಕವನ್ನು ಹೆಚ್ಚಿನವರು ಕೊನೆಯ ವಾರ ಒಂದೇ ಪೆನ್ನಿನಲ್ಲಿ ಕೂತು ತುಂಬಿಸುತ್ತಾರೆ. "ಇಂದು ಪಂಪ್ ಹೌಸ್ ನೋಡಿದೆ" ಎಂಬ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ಬರೆಯಬೇಕಾದ್ದು ಹೀಗೆ: 3ನೇ ಪಂಪಿನ ಬೇರಿಂಗ್ ಬಿಸಿಯಾಗಿತ್ತು. ಫಿಟ್ಟರ್ ಅಣ್ಣ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಮನೆಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಸದ್ದು ಕೇಳಿದರು. ಗ್ರೀಸ್ ಕಡಿಮೆಯಾಗಿದೆ ಎಂದು ನಾನು ತಿಳಿದಿದ್ದೆ, ಜಾಸ್ತಿ ತುಂಬಿದ್ದರಿಂದ ಬಿಸಿಯಾಗಿತ್ತು. ಬೇರಿಂಗ್ ನಂಬರ್ 6205. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ 25 ಮಿಲಿಮೀಟರ್. ಇಂಥ ಮೂವತ್ತು ಪುಟವಿದ್ದರೆ ಅದು ಸಂದರ್ಶನಕ್ಕೆ ಕೊಂಡೊಯ್ಯಬಹುದಾದ ಆಸ್ತಿ. ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ವರದಿ ಆಮೇಲೆ ಮಾಡಿಕೊಳ್ಳಬಹುದು, ಕಂಡದ್ದು ಮರೆತರೆ ಮತ್ತೆ ಸಿಗುವುದಿಲ್ಲ. ಫೋಟೊ ತೆಗೆಯುವ ಮೊದಲು ಮಾತ್ರ ಅನುಮತಿ ಕೇಳಬೇಕು. ಬಹಳಷ್ಟು ಕಾರ್ಖಾನೆಗಳಲ್ಲಿ ಮೊಬೈಲ್ ಒಳಗೇ ಬಿಡುವುದಿಲ್ಲ.

ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಮೊದಲನೆಯದು ಜೀವದ್ದು. ಜೆಸ್ಕಾಂ ಲೈನಿನ ಕೆಲಸಕ್ಕೆ ಹೋದವರು ಕಂಬದ ಬಳಿ ನಿಂತಾಗ "ಲೈನ್ ಕ್ಲಿಯರ್ ತಗೊಂಡಾರೇನ್ರೀ?" ಎಂದು ಜೋರಾಗಿ ಕೇಳಬೇಕು. ಲೈನ್ ಬಂದ್ ಆದ ಮೇಲೂ ಅರ್ಥಿಂಗ್ ರಾಡ್ ಹಾಕಿದ್ದಾರೆಯೇ ಎಂದು ಕಣ್ಣಿನಿಂದ ನೋಡಬೇಕು. ಯಾರದೋ ಮನೆಯ ಜನರೇಟರಿನ ಕರೆಂಟು ಹಿಮ್ಮುಖವಾಗಿ ಬಂದು ಜೀವ ತೆಗೆಯಬಲ್ಲದು. ಗೊತ್ತಿಲ್ಲದ ಕೆಲಸಕ್ಕೆ, ರಕ್ಷಣೆಯಿಲ್ಲದ ಕೆಲಸಕ್ಕೆ "ಒಲ್ಲೆ" ಎನ್ನುವ ಧೈರ್ಯವನ್ನು ಮೇಷ್ಟ್ರುಗಳು ಮೊದಲೇ ಕಲಿಸಿ ಕಳಿಸಬೇಕು.

ಕಾಯ್ದೆ ಏನು ಹೇಳುತ್ತದೆ

ಓದುವಾಗ ಮಾಡುವ ಇಂಟರ್ನ್‌ಶಿಪ್ ಬೇರೆ, ಓದು ಮುಗಿದ ಮೇಲಿನ ಅಪ್ರೆಂಟಿಸ್ ತರಬೇತಿ ಬೇರೆ. ಮೊದಲನೆಯದರಲ್ಲಿ ಭತ್ಯೆ ಕೊಡುವುದು ಬಹುಮಟ್ಟಿಗೆ ಕಂಪನಿಯ ಇಚ್ಛೆ. ಎರಡನೆಯದಕ್ಕೆ 1961ರ ಅಪ್ರೆಂಟಿಸ್ ಕಾಯ್ದೆಯ ಬಲವಿದೆ. ಐಟಿಐ ಹುಡುಗರಿಗಾಗಿ ಶುರುವಾದ ಈ ಕಾಯ್ದೆಯೊಳಗೆ 1973ರ ತಿದ್ದುಪಡಿ ಡಿಪ್ಲೊಮಾ, ಪದವಿ ಮುಗಿಸಿದವರನ್ನೂ ತಂದಿತು. 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರ ನಿಯಮದಂತೆ ತಿಂಗಳ ಕನಿಷ್ಠ ಭತ್ಯೆ ಐಟಿಐ ಮುಗಿಸಿದವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ರೂಪಾಯಿ ಎಂದು ನಿಗದಿಯಾಗಿತ್ತು. ಇದು ಸಾಲದೆಂದು 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶೇ 36ರಷ್ಟು ಹೆಚ್ಚಿಸಲು ಶಿಫಾರಸು ಮಾಡಿತು. ಕೊಪ್ಪಳದಲ್ಲಿ ಕೋಣೆ ಬಾಡಿಗೆ, ಖಾನಾವಳಿಯ ಊಟ ಲೆಕ್ಕ ಹಾಕಿದರೆ ಈ ಹೆಚ್ಚಳ ನ್ಯಾಯವಾದದ್ದು.

ಕಾಯ್ದೆಯಲ್ಲಿ ಮಕ್ಕಳಿಗೆ ಹೇಳಿಕೊಡಬೇಕಾದ ಇನ್ನೂ ಕೆಲವು ಮಾತುಗಳಿವೆ. ಅಪ್ರೆಂಟಿಸ್ ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಹಾಗಾಗಿ "ಇಷ್ಟು ತುಂಡು ಮಾಡಿದರೆ ಇಷ್ಟು ದುಡ್ಡು" ಎಂಬ ಪೀಸ್ ಲೆಕ್ಕದಲ್ಲಿ ಅವನನ್ನು ದುಡಿಸುವಂತಿಲ್ಲ. ಲಿಖಿತ ಒಪ್ಪಂದ ಆಗಬೇಕು, ಅದು ನೋಂದಣಿಯಾಗಬೇಕು. ತರಬೇತಿಯ ವೇಳೆ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕನದು. ತರಬೇತಿ ಮುಗಿದ ಮೇಲೆ ಅದೇ ಕಂಪನಿ ನೌಕರಿ ಕೊಡಲೇಬೇಕೆಂದೇನೂ ಇಲ್ಲ. ಆದರೆ ಹುಬ್ಬಳ್ಳಿಯ ನೈರುತ್ಯ ರೈಲ್ವೆ ಕಾರ್ಯಾಗಾರದಂಥ ರೈಲ್ವೆ ಘಟಕಗಳಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ರೈಲ್ವೆಯ ಲೆವೆಲ್-1 ನೇಮಕಾತಿಯಲ್ಲಿ ಶೇ 20 ಮೀಸಲಿದೆ. ಕುಷ್ಟಗಿಯ ಐಟಿಐ ಹುಡುಗರು ಇದನ್ನು ಬರೆದಿಟ್ಟುಕೊಳ್ಳಬೇಕು.

ಇವೆಲ್ಲ ಗೊತ್ತಿಲ್ಲದೆ ವರ್ಷಗಟ್ಟಲೆ "ಟ್ರೇನಿ" ಎಂಬ ಹೆಸರಿನಲ್ಲಿ ಪೂರ್ತಿ ಕೆಲಸ, ಅರೆ ಸಂಬಳಕ್ಕೆ ದುಡಿಯುವ ಹುಡುಗರಿದ್ದಾರೆ. ಕಲಿಸದೆ ದುಡಿಸುವುದು ತರಬೇತಿಯಲ್ಲ. ಹೀಗಾದಾಗ ಕಾಲೇಜಿಗೆ, ಜಿಲ್ಲಾ ಕೌಶಲಾಭಿವೃದ್ಧಿ ಕಚೇರಿಗೆ ಬರೆದು ದೂರು ಕೊಡಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಮನೆಯವರ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಊರು ಬಿಟ್ಟು ಕಳಿಸಲು ಭಯ, ರಾತ್ರಿ ಶಿಫ್ಟಿನ ಭಯ. ಆದರೆ ಅದೇ ಕಾರಣಕ್ಕೆ ಮಗಳು ತಾಲ್ಲೂಕು ಕಚೇರಿಯಲ್ಲಿ ಡೇಟಾ ಎಂಟ್ರಿ ಮಾಡಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದರೆ ಅವಳ ಮೂರು ವರ್ಷದ ಓದು ವ್ಯರ್ಥ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ತರಬೇತಿಗೆ ಬಂದವರನ್ನೂ ರಕ್ಷಿಸುತ್ತದೆ. ಹತ್ತು ಜನ ದುಡಿಯುವ ಯಾವ ಜಾಗದಲ್ಲೂ ಆಂತರಿಕ ಸಮಿತಿ ಇರಲೇಬೇಕು. ಕಳಿಸುವ ಮೊದಲು ಆ ಸಮಿತಿಯಲ್ಲಿ ಯಾರಿದ್ದಾರೆ ಎಂದು ಅಪ್ಪ-ಅವ್ವ ಕೇಳಿ ತಿಳಿದುಕೊಳ್ಳಲಿ, ಹಗಲು ಪಾಳಿ ಬೇಕೆಂದು ಬರೆಸಿಕೊಳ್ಳಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಕುಷ್ಟಗಿಯಿಂದ ಕೊಪ್ಪಳಕ್ಕೆ, ಗಂಗಾವತಿಗೆ ದಿನಾ ಹೋಗಿಬರುವ ಖರ್ಚಿನ ಚಿಂತೆ ಕಳೆದಿದೆ.

ಕಾಲೇಜುಗಳ ಮೇಲೂ ನನ್ನ ದೂರಿದೆ. "ನೀವೇ ಹುಡುಕಿಕೊಳ್ಳಿ" ಎಂದು ಒಂದು ಪತ್ರ ಕೊಟ್ಟು ಕಳಿಸುವುದು ಸರಿಯಲ್ಲ. ಗುಳೆ ಹೋದ ಅಪ್ಪ-ಅವ್ವನ ಮಗನಿಗೆ ಯಾವ ಮ್ಯಾನೇಜರಿನ ಪರಿಚಯವಿರುತ್ತದೆ? ಒಬ್ಬ ಉಪನ್ಯಾಸಕರಾದರೂ ತಿಂಗಳಿಗೊಮ್ಮೆ ಕಾರ್ಖಾನೆಗೆ ಹೋಗಿ, ಯಂತ್ರದ ಮುಂದೆ ನಿಂತು ತಮ್ಮ ವಿದ್ಯಾರ್ಥಿಯನ್ನು ಮಾತಾಡಿಸಬೇಕು. ತರಬೇತಿ ಮುಗಿಸಿ ಬಂದವರು ಕಿರಿಯ ವಿದ್ಯಾರ್ಥಿಗಳ ಎದುರು ಅರ್ಧ ಗಂಟೆ ನಿಂತು, ಅಲ್ಲಿ ಕಂಡದ್ದನ್ನು ಹೇಳುವ ಏರ್ಪಾಡು ಮಾಡಬೇಕು. ಇದಕ್ಕೆ ಅನುದಾನ ಬೇಡ, ಆದೇಶವೂ ಬೇಡ. ಕಾರ್ಖಾನೆಗಳವರೂ ಒಂದು ಮಾತು ನೆನಪಿಡಬೇಕು. ಜಿಲ್ಲೆಯ ಜನ ನೆಲ ಕೊಟ್ಟಿದ್ದಾರೆ, ನೀರು ಬಿಟ್ಟಿದ್ದಾರೆ, ಗಿಣಿಗೇರಿಯ ಸುತ್ತಲಿನವರು ಹೊಗೆ-ಧೂಳನ್ನೂ ಸಹಿಸಿದ್ದಾರೆ. ಅವರ ಮಕ್ಕಳಿಗೆ ಕೆಲಸ ಕಲಿಸುವುದು ಉಪಕಾರವಲ್ಲ, ತೀರಿಸಬೇಕಾದ ಋಣ.

ಈ ಊರಿನಲ್ಲಿ ಓದಿ ಹುಬ್ಬಳ್ಳಿ, ಹೊಸಪೇಟೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣ-ಅಕ್ಕಂದಿರಲ್ಲಿ ನನ್ನ ಕೋರಿಕೆ: ನೀವು ಓದಿದ ಕಾಲೇಜಿಗೆ ಒಂದು ಫೋನ್ ಮಾಡಿ, ನಿಮ್ಮ ವಿಭಾಗಕ್ಕೆ ವರ್ಷಕ್ಕೆ ಒಬ್ಬ ವಿದ್ಯಾರ್ಥಿಯನ್ನಾದರೂ ಕರೆಸಿಕೊಳ್ಳಿ. ವಿದ್ಯಾರ್ಥಿಗಳಿಗೆ ಹೇಳುವುದಿಷ್ಟು: ಐಟಿಐನವರಿಗೆ ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್, ಡಿಪ್ಲೊಮಾ ಮತ್ತು ಪದವಿಯವರಿಗೆ ನ್ಯಾಟ್ಸ್ ಪೋರ್ಟಲ್ ಇದೆ. ಎರಡರಲ್ಲೂ ಹೆಸರು ನೋಂದಾಯಿಸಲು ಒಂದು ರೂಪಾಯಿಯೂ ಬೇಡ. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಅಂಕಪಟ್ಟಿ ಇದ್ದರೆ ಸಾಕು. ಇದಕ್ಕಾಗಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.